ತಹಶೀಲ್ದಾರ್ ಕುರ್ಚಿಯ ದಾರಿ: ಕೆಎಎಸ್ ಪರೀಕ್ಷೆ ಬದಲಾದ ಕತೆ, ನಮ್ಮೂರಿನವರು ಓದಬೇಕಾದ ರೀತಿ

1980ರ ಜುಲೈ 21. ನರಗುಂದದ ತಹಶೀಲ್ದಾರ್ ಕಚೇರಿ ಮುಂದೆ ಸುತ್ತಲಿನ ಹಳ್ಳಿಗಳ ರೈತರು ಸೇರಿದ್ದರು. ಮಲಪ್ರಭಾ ಕಾಲುವೆ ಬಂದಿದ್ದರಿಂದ ಜಮೀನಿನ ಬೆಲೆ ಏರಿದೆ, ಅದಕ್ಕೆ ಅಭಿವೃದ್ಧಿ ಕರ ಕಟ್ಟಿ ಎಂದು ಸರ್ಕಾರ ಕೇಳುತ್ತಿತ್ತು. ಹೊಲಕ್ಕೆ ನೀರೇ ಸರಿಯಾಗಿ ಬಂದಿಲ್ಲ, ಕರ ಎಲ್ಲಿಂದ ಕಟ್ಟೋಣ ಎಂಬುದು ರೈತರ ಪ್ರಶ್ನೆ. ಆ ದಿನ ಗೋಲಿಬಾರ್ ಆಯಿತು. ರೈತರೂ ಸತ್ತರು, ಪೊಲೀಸರೂ ಸತ್ತರು. ಇಂದಿಗೂ ಪ್ರತಿ ವರ್ಷ ಜುಲೈ 21ರಂದು ನರಗುಂದದಲ್ಲಿ ಹುತಾತ್ಮ ರೈತರನ್ನು ನೆನೆಯುತ್ತೇವೆ.

ಪರೀಕ್ಷೆಯ ಬಗ್ಗೆ ಬರೆಯುವಾಗ ಈ ಮಾತು ಯಾಕೆ ಎಂದು ನೀವು ಕೇಳಬಹುದು. ಶಿರೋಳದ ಮಂದಿಗೆ ಸರ್ಕಾರ ಅಂದರೆ ಬೆಂಗಳೂರಿನ ವಿಧಾನಸೌಧ ಅಲ್ಲ, ತಾಲ್ಲೂಕು ಕಚೇರಿ. ಪಹಣಿ ತಿದ್ದುಪಡಿ, ಬೆಳೆ ಪರಿಹಾರ, ಜಾತಿ ಪ್ರಮಾಣಪತ್ರ ಎಲ್ಲವೂ ಅಲ್ಲಿಯೇ. ಹಿರಿಯರ ಬಾಯಲ್ಲಿ ಅದು ಇನ್ನೂ ಮಾಮಲೇದಾರ ಕಚೇರಿ. ಅಲ್ಲಿ ಕೂತವರಿಗೆ ಬಿತ್ತನೆ, ಕಾಲುವೆ, ಸಾಲ ಇವುಗಳ ಕಷ್ಟ ಗೊತ್ತಿದೆಯೋ ಇಲ್ಲವೋ ಎಂಬುದು ನಮಗೆ ಸಣ್ಣ ವಿಷಯ ಅಲ್ಲ. ತಹಶೀಲ್ದಾರ್, ಉಪವಿಭಾಗಾಧಿಕಾರಿ ಹುದ್ದೆಗಳಿಗೆ ನೇರವಾಗಿ ಹೋಗುವ ಮುಖ್ಯ ಬಾಗಿಲು ಒಂದಿದೆ. ಅದು ಕೆಪಿಎಸ್‌ಸಿ ನಡೆಸುವ ಗೆಜೆಟೆಡ್ ಪ್ರೊಬೇಷನರ್ಸ್ ಪರೀಕ್ಷೆ, ಜನರ ಮಾತಿನಲ್ಲಿ ಕೆಎಎಸ್.

ಈ ಬಾಗಿಲು ಎಷ್ಟೋ ಸಲ ಆಕಾರ ಬದಲಿಸಿದೆ. ಪ್ರತಿ ಸಲವೂ ಜಗಳ ಒಂದೇ: ಯಾರು ಒಳಗೆ ಹೋಗಬೇಕು, ಯಾರು ಹೊರಗೆ ಉಳಿಯಬೇಕು?

ಮೈಸೂರಿನಲ್ಲಿ ಶುರುವಾದದ್ದು

1890ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನದಲ್ಲಿ ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಶುರುವಾಯಿತು. ಆಗ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಪರಿಚಯ, ಶಿಫಾರಸು ಬಿಟ್ಟು ಅಂಕ ನೋಡಿ ಅಧಿಕಾರಿಗಳನ್ನು ಆರಿಸುವುದು ಆ ಕಾಲಕ್ಕೆ ದೊಡ್ಡ ಹೆಜ್ಜೆ. ಸಾಹಿತಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರೂ ಇದೇ ಪರೀಕ್ಷೆ ಪಾಸು ಮಾಡಿ ಅಸಿಸ್ಟೆಂಟ್ ಕಮಿಷನರ್ ಆದವರು.

ಆದರೆ ಪರೀಕ್ಷೆ ಬರೆಯಲು ಇಂಗ್ಲಿಷ್ ಓದಿರಬೇಕಿತ್ತು. ಇಂಗ್ಲಿಷ್ ಓದು ಸಿಕ್ಕಿದ್ದು ಕೆಲವೇ ಸಮುದಾಯಗಳಿಗೆ. ಹೀಗಾಗಿ ನಿಯಮದಲ್ಲಿ ಎಲ್ಲರಿಗೂ ತೆರೆದ ಬಾಗಿಲು ನಿಜದಲ್ಲಿ ಕೆಲವರಿಗೆ ಮಾತ್ರ ತೆರೆಯಿತು. ಅದರ ವಿರುದ್ಧ ಕೂಗು ಎದ್ದಾಗ 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿ ರಚನೆಯಾಯಿತು. ಮುಂದಿನ ವರ್ಷ ಬಂದ ಅದರ ವರದಿ, ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಸಿಗಬೇಕು ಎಂದಿತು. ಅರ್ಹತೆ ಮತ್ತು ಅವಕಾಶ ಎರಡನ್ನೂ ಒಟ್ಟಿಗೆ ತೂಗಬೇಕು ಎಂಬ ವಾದ ಕನ್ನಡ ನಾಡಿನಲ್ಲಿ ನೂರು ವರ್ಷಕ್ಕಿಂತ ಹಳೆಯದು.

ನಮ್ಮ ಭಾಗದ ಕತೆ ಬೇರೆ. ರೋಣ, ನರಗುಂದ, ಗಜೇಂದ್ರಗಡ ಆಗ ಮೈಸೂರಿಗೆ ಸೇರಿರಲಿಲ್ಲ, ಮುಂಬಯಿ ಪ್ರಾಂತ್ಯದಲ್ಲಿದ್ದವು. ಕಚೇರಿಗಳಲ್ಲಿ ಇಂಗ್ಲಿಷ್ ಮತ್ತು ಮರಾಠಿ ಬಲವಾಗಿದ್ದವು. ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದದ್ದು, 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು ಇದೇ ಕಾರಣಕ್ಕೆ. ಕನ್ನಡದಲ್ಲಿ ಓದಿದವರಿಗೂ ಒಂದು ದಾರಿ ಬೇಕಿತ್ತು.

ಆಯೋಗ ಬಂತು, ಹೊಸ ಸಮಸ್ಯೆಯೂ ಬಂತು

ಸಂವಿಧಾನ ಜಾರಿಗೆ ಬಂದ ಮೇಲೆ 1951ರಲ್ಲಿ ಮೈಸೂರು ಲೋಕಸೇವಾ ಆಯೋಗ ಸ್ಥಾಪನೆಯಾಯಿತು. 1956ರ ನವೆಂಬರ್ 1ರಂದು ಏಕೀಕರಣವಾದಾಗ ನಮ್ಮ ಧಾರವಾಡ ಜಿಲ್ಲೆಯೂ ಅದರ ವ್ಯಾಪ್ತಿಗೆ ಬಂತು. 1973ರಲ್ಲಿ ರಾಜ್ಯದ ಹೆಸರು ಬದಲಾದ ಮೇಲೆ ಅದು ಕರ್ನಾಟಕ ಲೋಕಸೇವಾ ಆಯೋಗ, ಅಂದರೆ ಕೆಪಿಎಸ್‌ಸಿ ಆಯಿತು. ಹಾವನೂರು ಆಯೋಗದ 1975ರ ವರದಿಯ ನಂತರ ಹಿಂದುಳಿದ ವರ್ಗಗಳ ಮೀಸಲಾತಿಗೆ ಹೊಸ ರೂಪ ಸಿಕ್ಕಿತು. ಗ್ರಾಮೀಣ ಅಭ್ಯರ್ಥಿಗಳ ಮೀಸಲಾತಿಗೆ 2000ದಲ್ಲಿ ಕಾಯ್ದೆಯೇ ಬಂತು. ಕನ್ನಡ ಮಾಧ್ಯಮದವರಿಗೆ ಶೇ 5ರಷ್ಟು ಮೀಸಲಾತಿ ಸಿಕ್ಕಿತು. ಹೀಗೆ ಬಾಗಿಲು ಸ್ವಲ್ಪ ಸ್ವಲ್ಪವೇ ಅಗಲವಾಯಿತು.

ಅಷ್ಟರಲ್ಲಿ ಬೇರೆ ಕಡೆ ಬಿರುಕು ಕಾಣಿಸಿತು. ಸಂದರ್ಶನಕ್ಕೆ 200 ಅಂಕ ಇತ್ತು. ಲಿಖಿತ ಪರೀಕ್ಷೆಯಲ್ಲಿ ಐದು ಹತ್ತು ಅಂಕಕ್ಕೆ ಹಣೆಬರಹ ತೀರ್ಮಾನವಾಗುವಾಗ, ಮುಚ್ಚಿದ ಕೋಣೆಯಲ್ಲಿ ಕೊಡುವ 200 ಅಂಕದ ಮೇಲೆ ಅನುಮಾನ ಸಹಜ. 2011ನೇ ಸಾಲಿನ 362 ಹುದ್ದೆಗಳ ಆಯ್ಕೆಯಲ್ಲಿ ಅಕ್ರಮದ ದೂರು ಎದ್ದು ಸಿಐಡಿ ತನಿಖೆ ನಡೆಯಿತು. 2014ರಲ್ಲಿ ಸರ್ಕಾರ ಆ ಪಟ್ಟಿಯನ್ನೇ ಕೈಬಿಟ್ಟಿತು. ವಿಷಯ ನ್ಯಾಯಮಂಡಳಿ, ಹೈಕೋರ್ಟ್ ಸುತ್ತಿ, ಕೊನೆಗೆ 2022ರಲ್ಲಿ ಆ ಆಯ್ಕೆಗಳನ್ನು ಊರ್ಜಿತಗೊಳಿಸಲು ಸರ್ಕಾರ ಕಾಯ್ದೆಯನ್ನೇ ತಂದಿತು. ಪ್ರಾಮಾಣಿಕವಾಗಿ ಓದಿ ಬರೆದವರ ಎಷ್ಟು ವರ್ಷ ಹೋಯಿತು, ಲೆಕ್ಕ ಹಾಕಿ.

ಈ ನಡುವೆ ಆಯೋಗದ ಸುಧಾರಣೆಗೆ ಪಿ.ಸಿ. ಹೋಟಾ ಸಮಿತಿ ರಚನೆಯಾಯಿತು. ಪರೀಕ್ಷೆಯ ರೂಪವೂ ಬದಲಾಯಿತು. ಒಂದು ಕಾಲಕ್ಕೆ ಮುಖ್ಯ ಪರೀಕ್ಷೆಗೆ ಎರಡು ಐಚ್ಛಿಕ ವಿಷಯ ಆರಿಸಬೇಕಿತ್ತು. 2014ನೇ ಸಾಲಿಗೆ ಅದು ಒಂದಾಯಿತು. ಈಗ ಐಚ್ಛಿಕ ವಿಷಯವೇ ಇಲ್ಲ. ಮುಖ್ಯ ಪರೀಕ್ಷೆಯಲ್ಲಿ ಲೆಕ್ಕಕ್ಕೆ ಬರುವುದು ಪ್ರಬಂಧ 250 ಅಂಕ, ಸಾಮಾನ್ಯ ಅಧ್ಯಯನದ ನಾಲ್ಕು ಪತ್ರಿಕೆ ತಲಾ 250 ಅಂಕ, ಒಟ್ಟು 1250. ಕನ್ನಡ ಮತ್ತು ಇಂಗ್ಲಿಷ್ ಪತ್ರಿಕೆಗಳಲ್ಲಿ ಪಾಸಾಗಲೇಬೇಕು, ಆದರೆ ಆ ಅಂಕ ಸೇರಿಸುವುದಿಲ್ಲ. ಸಂದರ್ಶನದ ಅಂಕ ಹಿಂದಿನ ಕಾಲು ಭಾಗವನ್ನೂ ಮೀರುವುದಿಲ್ಲ.

ಹಳ್ಳಿಯವರಿಗೆ ಇದು ಒಳ್ಳೆಯದೋ ಕೆಟ್ಟದ್ದೋ? ಬಹಳಷ್ಟು ಒಳ್ಳೆಯದೇ. ಐಚ್ಛಿಕ ವಿಷಯಕ್ಕೆ ಬೇರೆ ತರಬೇತಿ, ಬೇರೆ ಪುಸ್ತಕ ಬೇಕಿತ್ತು. ಅದಕ್ಕಾಗಿ ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನಲ್ಲೋ ರೂಮು ಮಾಡಿ ಇರಬೇಕಿತ್ತು. ಆ ಖರ್ಚಿನ ಒಂದು ಭಾಗ ತಪ್ಪಿದೆ. ಸಂದರ್ಶನದಲ್ಲಿ ಯಾರದೋ ಕೈಯಲ್ಲಿದ್ದ ಅಂಕ ಕಡಿಮೆಯಾಗಿ, ನಿಮ್ಮ ಪೆನ್ನಿನ ಅಂಕಕ್ಕೆ ಬೆಲೆ ಬಂದಿದೆ.

ಉಳಿದಿರುವ ಅಡ್ಡಗಾಲು: ಭಾಷೆ

2024ರ ಫೆಬ್ರವರಿಯಲ್ಲಿ 384 ಹುದ್ದೆಗಳಿಗೆ ಅರ್ಜಿ ಕರೆದರು. ಅದಕ್ಕೂ ಹಿಂದಿನ ಅಧಿಸೂಚನೆ 2020ರ ಜನವರಿಯದು, ಬರೀ 106 ಹುದ್ದೆ. ನಾಲ್ಕು ವರ್ಷ ಕಾದವರು ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆ ಬರೆದರು. ಪ್ರಶ್ನೆಪತ್ರಿಕೆಯ ಕನ್ನಡ ನೋಡಿ ದಂಗಾದರು. ಇಂಗ್ಲಿಷಿನ ಪ್ರಶ್ನೆಗಳನ್ನು ಕನ್ನಡಕ್ಕೆ ತಂದಾಗ ಅರ್ಥವೇ ಕೆಟ್ಟಿತ್ತು. ಪ್ರತಿಭಟನೆ ನಡೆದು, ಮುಖ್ಯಮಂತ್ರಿ ಸಿದ್ದರಾಮಯ್ಯ ಮರುಪರೀಕ್ಷೆ ಘೋಷಿಸಿದರು. ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಅದರಲ್ಲೂ ಅನುವಾದದ ತಪ್ಪುಗಳು ಇದ್ದವು, ಮತ್ತೆ ಹೋರಾಟ ನಡೆಯಿತು. ಮುಖ್ಯ ಪರೀಕ್ಷೆ 2025ರ ಮೇನಲ್ಲಿ ನಡೆಯಿತು.

ಶೇಷಾದ್ರಿ ಅಯ್ಯರ್ ಕಾಲದಲ್ಲಿ ಪರೀಕ್ಷೆಯೇ ಇಂಗ್ಲಿಷಿನಲ್ಲಿತ್ತು. ಈಗ ಕನ್ನಡದಲ್ಲಿ ಬರೆಯುವ ಹಕ್ಕು ಇದೆ, ಆದರೆ ಪ್ರಶ್ನೆ ಹುಟ್ಟುವುದು ಇಂಗ್ಲಿಷಿನಲ್ಲಿ. ಶಿರೋಳದ ಸರ್ಕಾರಿ ಶಾಲೆಯಲ್ಲಿ ಓದಿದವರು ಉತ್ತರ ಗೊತ್ತಿದ್ದೂ ಪ್ರಶ್ನೆ ತಿಳಿಯದೆ ಅಂಕ ಕಳೆದುಕೊಂಡರೆ, ಅದು ಅವರ ದಡ್ಡತನ ಅಲ್ಲ. ಸರಿಪಡಿಸಬೇಕಾದವರು ಸರಿಪಡಿಸಲಿ, ಅದಕ್ಕಾಗಿ ಕೇಳುತ್ತಲೇ ಇರೋಣ. ಅಲ್ಲಿಯವರೆಗೆ ನಾವು ಕೈಕಟ್ಟಿ ಕೂರುವಂತಿಲ್ಲ.

ಹಾಗಾದರೆ ಹೇಗೆ ಓದಬೇಕು?

ಮೊದಲು, ಹಳೆಯ ಪ್ರಶ್ನೆಪತ್ರಿಕೆಗಳನ್ನು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಅಕ್ಕಪಕ್ಕ ಇಟ್ಟು ಓದಿ. ಅರ್ಥವಾಗದ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಎರಡೂ ಭಾಷೆಯಲ್ಲಿ ಬರೆದಿಡಿ. ದಿನಕ್ಕೆ ಹತ್ತು ಪದ ಸಾಕು. ಪರೀಕ್ಷೆಯಲ್ಲಿ ಕನ್ನಡ ವಾಕ್ಯ ಗೊಂದಲ ಎನಿಸಿದರೆ ತಕ್ಷಣ ಇಂಗ್ಲಿಷ್ ವಾಕ್ಯ ನೋಡುವ ಅಭ್ಯಾಸ ಈಗಿನಿಂದಲೇ ಆಗಲಿ.

ಎರಡನೆಯದು, ಪೂರ್ವಭಾವಿಯಲ್ಲಿ ತಲಾ 200 ಅಂಕದ ಎರಡು ಪತ್ರಿಕೆ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಕಾಲು ಭಾಗ ಅಂಕ ಕಡಿತ. ಎರಡನೇ ಪತ್ರಿಕೆಯಲ್ಲಿ ರಾಜ್ಯದ ವಿಷಯ, ವಿಜ್ಞಾನ, ಪರಿಸರ, ಮಾನಸಿಕ ಸಾಮರ್ಥ್ಯ ಬರುತ್ತವೆ. ದುಬಾರಿ ಗೈಡ್ ಕೊಳ್ಳುವ ಮೊದಲು 6ರಿಂದ 10ನೇ ತರಗತಿಯ ರಾಜ್ಯ ಪಠ್ಯಪುಸ್ತಕ ಮುಗಿಸಿ. ಮನೆಯಲ್ಲಿ ತಮ್ಮ ತಂಗಿಯರ ಪುಸ್ತಕವೇ ಸಿಗುತ್ತದೆ. ಸರ್ಕಾರ ಪ್ರತಿ ವರ್ಷ ಕನ್ನಡದಲ್ಲೂ ಹೊರತರುವ ಕರ್ನಾಟಕ ಆರ್ಥಿಕ ಸಮೀಕ್ಷೆ ಮೊಬೈಲಿಗೆ ಪುಕ್ಕಟೆ ಸಿಗುತ್ತದೆ.

ಮೂರನೆಯದು, ಬರೆಯಿರಿ. ಈಗಿನ ಪರೀಕ್ಷೆ ಬರವಣಿಗೆಯದು. ವಾರಕ್ಕೊಂದು ಪ್ರಬಂಧ, ದಿನಕ್ಕೆರಡು ಉತ್ತರ, ಗಡಿಯಾರ ಇಟ್ಟು ಬರೆಯಿರಿ. ಊರಿನಲ್ಲಿ ಮೂರು ನಾಲ್ಕು ಜನ ಸೇರಿ ಒಬ್ಬರದನ್ನು ಇನ್ನೊಬ್ಬರು ತಿದ್ದಿ. ಮಲಪ್ರಭಾ ಕಾಲುವೆ, ಮಹದಾಯಿ ನೀರು, ಬೆಳೆ ವಿಮೆ, ಹೆಣ್ಣುಮಕ್ಕಳ ಕೂಲಿ ಇವೆಲ್ಲ ನಿಮಗೆ ಕಣ್ಣಾರೆ ಗೊತ್ತು. ಉತ್ತರದಲ್ಲಿ ಅದನ್ನು ತನ್ನಿ.

ನಾಲ್ಕನೆಯದು, ಕಾಗದಪತ್ರ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗೆ 1ರಿಂದ 10ನೇ ತರಗತಿವರೆಗಿನ ಓದು ಲೆಕ್ಕಕ್ಕೆ ಬರುತ್ತದೆ. ಅರ್ಜಿ ಕರೆದ ಮೇಲೆ ಶಾಲೆಗೆ ಓಡಬೇಡಿ, ಈಗಲೇ ವಿಚಾರಿಸಿ. ಪಕ್ಕದ ಕೊಪ್ಪಳ ಜಿಲ್ಲೆಯವರಿಗೆ 371(ಜೆ) ಸೌಲಭ್ಯ ಇದೆ, ಗದಗ ಜಿಲ್ಲೆಗೆ ಇಲ್ಲ. ಆ ಕಲಂ ತಪ್ಪಾಗಿ ತುಂಬಬೇಡಿ. ಅಧಿಸೂಚನೆ ಬಂದಾಗ ಅದನ್ನು ಪೂರ್ತಿ ನೀವೇ ಓದಿ. ನಿಯಮ ಮತ್ತೆ ಬದಲಾಗಿರಬಹುದು, ವಾಟ್ಸಾಪ್ ಸಂದೇಶ ನಂಬಿ ಕೂರಬೇಡಿ.

ಕೊನೆಯದು, ಇದೊಂದೇ ಪರೀಕ್ಷೆಗೆ ಜೀವನ ಒತ್ತೆ ಇಡಬೇಡಿ. ಎರಡು ಅಧಿಸೂಚನೆಗಳ ನಡುವೆ ನಾಲ್ಕು ವರ್ಷ ಹೋದದ್ದನ್ನು ಮೇಲೆ ನೋಡಿದಿರಿ. ಇದೇ ಓದಿನಲ್ಲಿ ಪಿಡಿಒ, ಗ್ರಾಮ ಆಡಳಿತ ಅಧಿಕಾರಿ, ಎಫ್‌ಡಿಎ ಪರೀಕ್ಷೆಗಳನ್ನೂ ಬರೆಯಬಹುದು. ಒಂದು ನೌಕರಿ ಹಿಡಿದು ಮುಂದೆ ಓದಿದರೆ ಮನೆಯವರಿಗೂ ಧೈರ್ಯ.

1980ರಲ್ಲಿ ನಮ್ಮ ಹಿರಿಯರು ತಹಶೀಲ್ದಾರ್ ಕಚೇರಿಯ ಹೊರಗೆ ನಿಂತಿದ್ದರು. ಅವರ ಮೊಮ್ಮಕ್ಕಳಲ್ಲಿ ಯಾರಾದರೂ ಒಳಗೆ ಕುರ್ಚಿಯಲ್ಲಿ ಕೂತ ದಿನ, ಹೊರಗೆ ಪಹಣಿ ಹಿಡಿದು ನಿಂತವರ ಮುಖ ನೆನಪಿರಲಿ. ಓದಿಗೆ ಅಷ್ಟು ಕಾರಣ ಸಾಕು.