ಧಾರಾವಾಹಿ ಕಲಾವಿದರು: ಪಾತ್ರದ ಹೆಸರಿನಲ್ಲಿ ಬದುಕುವವರ ವೃತ್ತಿ

ವಾರದ ಐದಾರು ದಿನ, ಸಂಜೆಯಿಂದ ರಾತ್ರಿ ಹತ್ತೂವರೆಯವರೆಗೆ ಕನ್ನಡ ವಾಹಿನಿಗಳಲ್ಲಿ ಸಾಲಾಗಿ ಬರುವ ಕತೆಗಳಲ್ಲಿ ಅಭಿನಯಿಸಿ ಜೀವನ ನಡೆಸುವವರು ಧಾರಾವಾಹಿ ಕಲಾವಿದರು. ಸಿನಿಮಾ ನಟರನ್ನು ಜನ ದೂರದಿಂದ ನೋಡಿ ಸುಮ್ಮನಾಗುತ್ತಾರೆ. ಇವರನ್ನು ಜಯನಗರ ನಾಲ್ಕನೇ ಬ್ಲಾಕಿನ ತರಕಾರಿ ಅಂಗಡಿ ಮುಂದೆ ನಿಲ್ಲಿಸಿಕೊಂಡು, ‘ಯಾಕಮ್ಮಾ ಆ ಸೊಸೆಗೆ ಅಷ್ಟೊಂದು ಕಾಟ ಕೊಡ್ತೀಯಾ?’ ಎಂದು ಕೇಳುತ್ತಾರೆ. ಇಷ್ಟು ಹತ್ತಿರದ ಪರಿಚಯ ತಂದುಕೊಡುವ ಕಸುಬು ಎಷ್ಟು ಅಭದ್ರವಾದದ್ದು ಎಂಬುದು ನೋಡುಗರಿಗೆ ಅಷ್ಟಾಗಿ ತಿಳಿದಿಲ್ಲ. ದುಡಿಮೆ ಕಲಾವಿದರದು, ಪಾತ್ರ ವಾಹಿನಿಯದು. ಈ ವೃತ್ತಿಯ ಸುಖದುಃಖಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ಕಸುಬಾಗಿ ಬೆಳೆದ ಬಗೆ

ದೂರದರ್ಶನವೊಂದೇ ಇದ್ದ ಕಾಲದಲ್ಲಿ ಧಾರಾವಾಹಿಯೆಂದರೆ ವಾರಕ್ಕೊಂದು ಕಂತು, ಬಹುಮಟ್ಟಿಗೆ ಹದಿಮೂರು ವಾರಕ್ಕೆ ಮುಗಿಯುವ ಕತೆ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ 1986ರಲ್ಲಿ ಇಡೀ ದೇಶಕ್ಕೆ ಕನ್ನಡದ ಕಲಾವಿದರನ್ನು ತೋರಿಸಿತು. ಕನ್ನಡದಲ್ಲೇ ಬಂದ ‘ಸಿಹಿಕಹಿ’ ಎಷ್ಟು ಜನಪ್ರಿಯವಾಯಿತೆಂದರೆ ಅದರಲ್ಲಿ ನಟಿಸಿದ ಚಂದ್ರು ಮತ್ತು ಗೀತಾ ಇಂದಿಗೂ ಸಿಹಿಕಹಿ ಚಂದ್ರು, ಸಿಹಿಕಹಿ ಗೀತಾ. ಆದರೂ ಧಾರಾವಾಹಿಯನ್ನೇ ನಂಬಿ ಮನೆ ಬಾಡಿಗೆ ಕಟ್ಟುವ ಕಾಲ ಅದಾಗಿರಲಿಲ್ಲ.

ಅದು ಸಾಧ್ಯವಾದದ್ದು ದೈನಿಕ ಧಾರಾವಾಹಿ ಬಂದ ಮೇಲೆ. 1994ರಲ್ಲಿ ಉದಯ ಟಿವಿ ಶುರುವಾಯಿತು. 1998ರಲ್ಲಿ ಟಿ.ಎನ್. ಸೀತಾರಾಮ್ ತಂಡದ ‘ಮಾಯಾಮೃಗ’ ದೂರದರ್ಶನದಲ್ಲಿ ಬಂದು, ದಿನವೂ ಕಾದು ನೋಡುವ ಅಭ್ಯಾಸವನ್ನು ಮಧ್ಯಮವರ್ಗದ ಮನೆಗಳಿಗೆ ಹತ್ತಿಸಿತು. 2000ದ ಕೊನೆಗೆ ಈಟಿವಿ ಕನ್ನಡ (ಇಂದಿನ ಕಲರ್ಸ್ ಕನ್ನಡ), 2006ರಲ್ಲಿ ಝೀ ಕನ್ನಡ, 2007ರಲ್ಲಿ ಸುವರ್ಣ ಬಂದವು. ವಾಹಿನಿಗಳು ಹೆಚ್ಚಿದಂತೆ ಅಪ್ಪ, ಅತ್ತೆ, ಭಾವ, ವಕೀಲ, ಮನೆಗೆಲಸದವಳು ಎಂದು ನೂರಾರು ಪಾತ್ರಗಳು ಹುಟ್ಟಿದವು. ತಿಂಗಳಿಗೆ ಇಷ್ಟು ದಿನ ಕೆಲಸ ಎಂದು ಲೆಕ್ಕ ಹಾಕಬಹುದಾದ ಕಸುಬು ನಟರಿಗೆ ಮೊದಲ ಬಾರಿ ಸಿಕ್ಕಿತು.

ದಕ್ಷಿಣ ಬೆಂಗಳೂರಿನ ನಂಟು

ಕನ್ನಡ ಸಿನಿಮಾದ ವಿಳಾಸ ಗಾಂಧಿನಗರವಾದರೆ, ಕಿರುತೆರೆಯ ಬದುಕು ಹರಡಿಕೊಂಡಿರುವುದು ನಗರದ ದಕ್ಷಿಣ ಮತ್ತು ನೈಋತ್ಯಕ್ಕೆ. ಇದಕ್ಕೆ ಒಂದು ಕಾರಣ ಶೂಟಿಂಗ್ ಮನೆಗಳು. ಧಾರಾವಾಹಿಗೆ ಬೇಕಾದದ್ದು ದೊಡ್ಡ ಹಾಲು, ಮೆಟ್ಟಿಲು, ಪೂಜಾಕೋಣೆ ಇರುವ ಮನೆ. ರಾಜರಾಜೇಶ್ವರಿ ನಗರ, ಕನಕಪುರ ರಸ್ತೆಯ ಸುತ್ತಮುತ್ತ ಇಂಥ ಮನೆಗಳು ಬಾಡಿಗೆಗೆ ಸಿಗುತ್ತವೆ. ಬನಶಂಕರಿ, ಜೆ.ಪಿ. ನಗರದಲ್ಲಿ ಕೋಣೆ ಹಿಡಿದವರಿಗೆ ಬೆಳಗಿನ ಜಾವ ಅಲ್ಲಿಗೆ ತಲುಪುವುದು ಸುಲಭ.

ಇನ್ನೊಂದು ಕಾರಣ ರಂಗಭೂಮಿ. ನನಗೆ ಮುಖ್ಯವಾಗಿ ಕಾಣುವುದು ಇದೇ. ಬನಶಂಕರಿ ಎರಡನೇ ಹಂತದ ಸುಚಿತ್ರಾ, ಜಯನಗರ ನ್ಯಾಷನಲ್ ಕಾಲೇಜಿನ ಎಚ್.ಎನ್. ಕಲಾಕ್ಷೇತ್ರ, ಹನುಮಂತನಗರದ ಕೆ.ಎಚ್. ಕಲಾಸೌಧ, 2004ರಲ್ಲಿ ಅರುಂಧತಿ ನಾಗ್ ಅವರ ಛಲದಿಂದ ಜೆ.ಪಿ. ನಗರದಲ್ಲಿ ಎದ್ದ ರಂಗಶಂಕರ, ಇವೆಲ್ಲ ಒಂದಕ್ಕೊಂದು ಬಹಳ ದೂರವಿಲ್ಲ. ಹೆಗ್ಗೋಡಿನ ನೀನಾಸಮ್‌ನಲ್ಲೋ ಮೈಸೂರಿನಲ್ಲೋ ಕಲಿತು ಕೆಲಸ ಹುಡುಕುತ್ತ ಬಂದ ನಟರು ಸಂಜೆ ನಾಟಕದ ತಾಲೀಮು, ಹಗಲು ಧಾರಾವಾಹಿ ಎಂದು ಹೊಂದಿಸಿಕೊಂಡದ್ದು ಈ ನೆರೆಹೊರೆಯಿಂದಾಗಿ. ತಿಪಟೂರು ಸೀಮೆಯ, ನೀನಾಸಮ್ ಪದವೀಧರ ಅಚ್ಯುತ್ ಕುಮಾರ್ ಅವರನ್ನು ಮನೆಮನೆಗೆ ತಲುಪಿಸಿದ್ದು ‘ಮೂಡಲ ಮನೆ’ ಧಾರಾವಾಹಿ. ಸಿನಿಮಾ ಅವರನ್ನು ಗಟ್ಟಿಯಾಗಿ ಕೈಹಿಡಿದದ್ದು ಆಮೇಲೆ.

ಒಂದು ದಿನದ ಕೆಲಸ

ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಇಪ್ಪತ್ತು ನಿಮಿಷ ಚಿಲ್ಲರೆ. ಆ ಇಪ್ಪತ್ತು ನಿಮಿಷ ಪ್ರತಿದಿನವೂ ತಯಾರಾಗಬೇಕು. ಬೆಳಗ್ಗೆ ಏಳರ ಹೊತ್ತಿಗೆ ಮೇಕಪ್ಪು, ರಾತ್ರಿ ಒಂಬತ್ತರ ಸುಮಾರಿಗೆ ಪ್ಯಾಕಪ್ಪು. ಸೀನ್ ಪೇಪರ್ ಎಷ್ಟೋ ಸಲ ಸೆಟ್ಟಿಗೆ ಬಂದ ಮೇಲೆಯೇ ಕೈಗೆ ಸಿಗುತ್ತದೆ. ಎರಡು ಪುಟದ ಸಂಭಾಷಣೆ ಓದಿಕೊಳ್ಳಲು ಲೈಟಿಂಗ್ ಮುಗಿಯುವವರೆಗಿನ ಬಿಡುವಷ್ಟೇ ಸಮಯ. ಅದಕ್ಕೇ ಪ್ರಾಂಪ್ಟಿಂಗ್: ಕ್ಯಾಮೆರಾದ ಪಕ್ಕದಲ್ಲಿ ನಿಂತ ಸಹಾಯಕ ನಿರ್ದೇಶಕ ಸಾಲು ಹೇಳುತ್ತಾನೆ, ಕಲಾವಿದೆ ಅದನ್ನು ಕಿವಿಯಲ್ಲಿ ಹಿಡಿದು ತನ್ನ ಭಾವದಲ್ಲಿ ಒಪ್ಪಿಸುತ್ತಾಳೆ. ರಂಗಭೂಮಿಯ ಕೆಲವರು ಇದನ್ನು ಕೀಳಾಗಿ ಕಾಣುವುದುಂಟು. ಇನ್ನೊಬ್ಬರ ಸ್ವರ ಕಿವಿಗೆ ಬೀಳುತ್ತಿರುವಾಗಲೇ ಎದುರಿಗಿರುವವರ ಕಣ್ಣು ತಪ್ಪಿಸದೆ ಅಳುವುದು, ನಗುವುದು, ಸಿಟ್ಟಾಗುವುದು ಸಣ್ಣ ಕೌಶಲವಲ್ಲ.

ಕಂಟಿನ್ಯುಟಿಯದು ಮತ್ತೊಂದು ಪಾಡು. ಬಾಗಿಲು ತೆರೆಯುವ ಶಾಟ್ ಇವತ್ತು, ಒಳಗೆ ಬಂದು ಕೂರುವ ಶಾಟ್ ಮುಂದಿನ ವಾರ. ಅದೇ ಸೀರೆ, ಅದೇ ಬಳೆ, ಅದೇ ಹೂವು ಬೇಕು. ಕನ್ನಡ ಕಿರುತೆರೆಯಲ್ಲಿ ಬಟ್ಟೆಬರೆಯನ್ನು ಹೆಚ್ಚಾಗಿ ಕಲಾವಿದರೇ ಹೊಂದಿಸಿಕೊಳ್ಳುವುದರಿಂದ ಸೂಟ್‌ಕೇಸ್ ಸದಾ ಜತೆಯಲ್ಲಿರುತ್ತದೆ. ಶ್ರೀಮಂತ ಮನೆಯ ಅತ್ತೆಯ ಪಾತ್ರ ಸಿಕ್ಕರೆ ಸಂಭಾವನೆಯ ಒಂದು ಪಾಲು ರೇಷ್ಮೆ ಸೀರೆಗೇ ಹೋಗುತ್ತದೆ.

ಸಂಭಾವನೆ ಸಾಮಾನ್ಯವಾಗಿ ದಿನದ ಲೆಕ್ಕ. ನಾಯಕ, ನಾಯಕಿಗೆ ತಿಂಗಳಲ್ಲಿ ಇಷ್ಟು ದಿನ ಎಂಬ ಒಪ್ಪಂದವಿರಬಹುದು. ಪೋಷಕ ಪಾತ್ರದವರಿಗೆ ಕತೆಯ ಟ್ರ್ಯಾಕ್ ಬೇರೆ ಕಡೆ ಹೊರಳಿದರೆ ಆ ತಿಂಗಳು ಮೂರೋ ನಾಲ್ಕೋ ದಿನದ ಕೆಲಸ. ಆ ಹಣವೂ ಕೈಗೆ ಬರುವುದು ವಾರಗಳ, ಕೆಲವೊಮ್ಮೆ ತಿಂಗಳುಗಳ ನಂತರ. ನೋಡುಗರ ಸಂಖ್ಯೆಯನ್ನು ಅಳೆದು ಪ್ರತಿ ಗುರುವಾರ ಬರುವ ಬಾರ್ಕ್ ರೇಟಿಂಗ್ ಇಡೀ ತಂಡದ ಜಾತಕ. ಅಂಕಿ ಇಳಿದರೆ ಸಮಯ ಬದಲಾಗುತ್ತದೆ, ಎರಡು ಧಾರಾವಾಹಿಗಳ ‘ಮಹಾಸಂಗಮ’ ನಡೆಯುತ್ತದೆ, ಕೊನೆಗೆ ಕತೆಯೇ ಮುಗಿಯುತ್ತದೆ.

ಪಾತ್ರ ಯಾರದು?

‘ಮನ್ವಂತರ’, ‘ಮುಕ್ತ’ ನೋಡಿದವರಿಗೆ ಸೀತಾರಾಮ್ ಎಂದರೆ ವಕೀಲ ಸಿಎಸ್‌ಪಿ. ‘ಅಗ್ನಿಸಾಕ್ಷಿ’ಯ ವಿಜಯ್ ಸೂರ್ಯ, ವೈಷ್ಣವಿ ಗೌಡ ಬಹುಜನರಿಗೆ ಸಿದ್ಧಾರ್ಥ್, ಸನ್ನಿಧಿ. 2013ರ ಕೊನೆಗೆ ಶುರುವಾದ ಆ ಧಾರಾವಾಹಿ ಸಾವಿರದೈನೂರಕ್ಕೂ ಹೆಚ್ಚು ಕಂತು ನಡೆಯಿತು. ಅಷ್ಟು ವರ್ಷ ದಿನವೂ ಒಂದು ಹೆಸರಿನಿಂದ ಕರೆಸಿಕೊಂಡವರಿಗೆ ಅದರಿಂದ ಬಿಡಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಯಾರು ಬೇಕಾದರೂ ಊಹಿಸಬಹುದು.

ಹೆಸರು ಅಂಟಿಕೊಂಡಿತೆಂದ ಮಾತ್ರಕ್ಕೆ ಪಾತ್ರ ಕಲಾವಿದನದಾಗುವುದಿಲ್ಲ. ಇದಕ್ಕೆ ಎಲ್ಲರ ಕಣ್ಣೆದುರು ನಡೆದ ಉದಾಹರಣೆ ಝೀ ಕನ್ನಡದ ‘ಜೊತೆ ಜೊತೆಯಲಿ’. ಮರಾಠಿಯ ‘ತುಲಾ ಪಾಹತೇ ರೇ’ ಆಧರಿಸಿ 2019ರಲ್ಲಿ ಆರಂಭವಾದ ಈ ಕತೆಯ ಆರ್ಯವರ್ಧನ್, ಜಯನಗರದಲ್ಲಿ ಬಾಳಿದ ವಿಷ್ಣುವರ್ಧನ್ ಅವರ ಅಳಿಯ ಅನಿರುದ್ಧ್ ಜತ್ಕರ್. 2022ರ ಆಗಸ್ಟ್‌ನಲ್ಲಿ ನಿರ್ಮಾಣ ತಂಡಕ್ಕೂ ಅವರಿಗೂ ಭಿನ್ನಾಭಿಪ್ರಾಯ ಬೆಳೆದು ಅವರು ಹೊರಬಂದರು. ಕತೆಯಲ್ಲಿ ಪಾತ್ರದ ಮುಖವನ್ನೇ ಶಸ್ತ್ರಚಿಕಿತ್ಸೆಯಿಂದ ಬದಲಿಸಿ ಹರೀಶ್ ರಾಜ್ ಅವರನ್ನು ಆ ಜಾಗಕ್ಕೆ ತರಲಾಯಿತು. ಆ ಜಗಳದಲ್ಲಿ ಯಾರು ಸರಿ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಮೂರು ವರ್ಷ ನಾಡಿನ ಮನೆಮಾತಾಗಿದ್ದ ನಟನಿಲ್ಲದೆಯೂ ಪಾತ್ರ ಮುಂದುವರಿಯಬಲ್ಲದು ಎಂಬುದು ಅವತ್ತು ಖಚಿತವಾಯಿತು. ಅನಿರುದ್ಧ್ 2024ರಲ್ಲಿ ಉದಯ ಟಿವಿಯ ‘ಸೂರ್ಯವಂಶ’ದಿಂದ ಕಿರುತೆರೆಗೆ ಮರಳಿದರು.

ಬನಶಂಕರಿಯ ಗಲ್ಲಿ ಕಿಚನ್

ಕರಾವಳಿಯಿಂದ ಬಂದ ಶೈನ್ ಶೆಟ್ಟಿಯವರ ವೃತ್ತಿಯಲ್ಲಿ ಈ ಕಸುಬಿನ ಎಲ್ಲ ಏರಿಳಿತಗಳೂ ಇವೆ. ‘ಲಕ್ಷ್ಮೀ ಬಾರಮ್ಮ’ದ ನಾಯಕ ಚಂದನ್ ಕುಮಾರ್ ಬಿಟ್ಟುಹೋದಾಗ ಅದೇ ಚಂದುವಿನ ಪಾತ್ರಕ್ಕೆ ಬಂದವರು ಇವರು. ಇನ್ನೊಬ್ಬರನ್ನು ಜನ ಒಪ್ಪಿಕೊಂಡ ಪಾತ್ರಕ್ಕೆ ಹೋಗಿ ನಿಲ್ಲುವುದು ಸುಲಭದ ಮಾತಲ್ಲ. ಶೈನ್ ನಿಂತರು, ಮೆಚ್ಚುಗೆಯನ್ನೂ ಗಳಿಸಿದರು. ಸಿನಿಮಾ ಮಾಡಬೇಕೆಂದು ಧಾರಾವಾಹಿಯಿಂದ ಹೊರಬಂದ ಮೇಲೆ ಅವಕಾಶಗಳು ಅಂದುಕೊಂಡಂತೆ ಬರಲಿಲ್ಲ. ಆಗ ಬನಶಂಕರಿಯಲ್ಲಿ ‘ಗಲ್ಲಿ ಕಿಚನ್’ ಎಂಬ ಫುಡ್ ಟ್ರಕ್ ಶುರುಮಾಡಿದರು. ನಿನ್ನೆ ಮೊನ್ನೆಯವರೆಗೆ ಟಿವಿಯಲ್ಲಿ ನಾಯಕನಾಗಿದ್ದವನು ರಸ್ತೆ ಬದಿಯಲ್ಲಿ ನಿಂತು ತಿಂಡಿ ಮಾರಲು ಬೇಕಾದ ಎದೆಗಾರಿಕೆಯನ್ನು ನಾನು ಅವರ ಯಾವ ಪಾತ್ರಕ್ಕಿಂತಲೂ ಹೆಚ್ಚು ಗೌರವಿಸುತ್ತೇನೆ. 2019ರ ಅಕ್ಟೋಬರ್‌ನಲ್ಲಿ ‘ಬಿಗ್ ಬಾಸ್’ ಏಳನೇ ಆವೃತ್ತಿಯ ಮನೆಗೆ ಹೋದ ಅವರು 2020ರ ಫೆಬ್ರುವರಿಯಲ್ಲಿ ಗೆದ್ದು ಬಂದರು. 2022ರ ‘ಕಾಂತಾರ’ದಲ್ಲೂ ನಟಿಸಿದರು.

ಎರಡನೇ ಆಸರೆ

ಬಹುಕಾಲ ಉಳಿದವರನ್ನು ಗಮನಿಸಿದರೆ ಅವರಲ್ಲಿ ಹೆಚ್ಚಿನವರಿಗೆ ಇನ್ನೊಂದು ಆಸರೆ ಇರುವುದು ಕಾಣುತ್ತದೆ. ಎಸ್.ಎನ್. ಸೇತುರಾಮ್ ಆದಾಯ ತೆರಿಗೆ ಇಲಾಖೆಯ ಅಧಿಕಾರಿಯಾಗಿದ್ದುಕೊಂಡೇ ನಾಟಕ ಬರೆದರು, ಧಾರಾವಾಹಿಗಳಲ್ಲಿ ನಟಿಸಿದರು. ಸಿಹಿಕಹಿ ಚಂದ್ರು ‘ಪಾಪ ಪಾಂಡು’ ನಿರ್ದೇಶಿಸಿದರು, ‘ಬೊಂಬಾಟ್ ಭೋಜನ’ದಲ್ಲಿ ಸೌಟು ಹಿಡಿದರು. ‘ಪುಟ್ಟಗೌರಿ ಮದುವೆ’, ‘ಕನ್ನಡತಿ’ಗಳ ನಾಯಕಿ ರಂಜನಿ ರಾಘವನ್ ‘ಕತೆ ಡಬ್ಬಿ’ ಎಂಬ ಕಥಾಸಂಕಲನ ತಂದರು. ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯ ತಾಯಿಯಾಗಿದ್ದ ವೈಶಾಲಿ ಕಾಸರವಳ್ಳಿ ನಿರ್ದೇಶನಕ್ಕೆ ಇಳಿದು ‘ಮೂಡಲ ಮನೆ’ಯಂಥ ಕೃತಿ ಕೊಟ್ಟರು. ಉತ್ತರ ಕರ್ನಾಟಕದ ಮಾತನ್ನು ಹಾಸ್ಯಕ್ಕೆ ಬಳಸದೆ ಘನತೆಯಿಂದ ಆಡಿಸಿದ ಧಾರಾವಾಹಿ ಅದು. 2010ರಲ್ಲಿ ಅವರು ತೀರಿಕೊಂಡದ್ದು ಕನ್ನಡ ಕಿರುತೆರೆಗೆ ಇನ್ನೂ ತುಂಬದ ನಷ್ಟ.

ಸಿನಿಮಾಕ್ಕೆ ದಾಟಿ ಗೆದ್ದವರೂ ಇದ್ದಾರೆ. ‘ನಂದಗೋಕುಲ’ದಲ್ಲಿ ಜತೆಗಿದ್ದ ಯಶ್, ರಾಧಿಕಾ ಪಂಡಿತ್ 2008ರ ‘ಮೊಗ್ಗಿನ ಮನಸು’ವಿನಿಂದ ಬೆಳೆದರು. ರಚಿತಾ ರಾಮ್ ‘ಅರಸಿ’ಯಿಂದ ‘ಬುಲ್‌ಬುಲ್’ಗೆ ಹೋದರು. ಇಂಥ ಬೆರಳೆಣಿಕೆಯ ಹೆಸರುಗಳನ್ನು ನೋಡಿ ಊರು ಬಿಟ್ಟು ಬರುವ ಹುಡುಗ ಹುಡುಗಿಯರಿಗೆ ಉಳಿದವರ ಕತೆಯೂ ಗೊತ್ತಿರಬೇಕು.

ತೆಲುಗು ಧಾರಾವಾಹಿಗಳ ಕೆಲಸಕ್ಕಾಗಿ ಹೈದರಾಬಾದಿಗೆ ಹೋಗಿಬರುವ ಕನ್ನಡ ಕಲಾವಿದರೂ ಬಹಳ. ತಿಂಗಳಲ್ಲಿ ಕೆಲವು ದಿನ ಅಲ್ಲಿ, ಕೆಲವು ದಿನ ಇಲ್ಲಿ. ಅಂಥವರಲ್ಲಿ ಒಬ್ಬರು, ತೆಲುಗಿನ ‘ತ್ರಿನಯನಿ’ಯಿಂದ ಹೆಸರಾಗಿದ್ದ ಮಂಡ್ಯದ ಪವಿತ್ರಾ ಜಯರಾಮ್, 2024ರ ಮೇ 12ರಂದು ಮೆಹಬೂಬ್‌ನಗರದ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಲಾಕ್‌ಡೌನ್ ಮತ್ತು ಡಬ್ಬಿಂಗ್

2020ರ ಮಾರ್ಚ್‌ನಲ್ಲಿ ಚಿತ್ರೀಕರಣ ನಿಂತಾಗ ದಿನಗೂಲಿಯ ಲೆಕ್ಕದವರ ಆದಾಯ ಒಮ್ಮೆಲೇ ಬತ್ತಿತು. ಮತ್ತೆ ಕ್ಯಾಮೆರಾ ತಿರುಗಿದ್ದು ಮೇ ಕೊನೆಯ ವಾರದಲ್ಲಿ. ಸೀತಾರಾಮ್ ಅವರ ‘ಮಗಳು ಜಾನಕಿ’ ಅಷ್ಟರಲ್ಲಿ ನಿಂತೇಹೋಯಿತು. ಅದೇ ಮೇ ತಿಂಗಳಲ್ಲಿ ಸ್ಟಾರ್ ಸುವರ್ಣ ಹಿಂದಿಯ ‘ಮಹಾಭಾರತ’ವನ್ನು ಕನ್ನಡಕ್ಕೆ ಡಬ್ ಮಾಡಿ ಪ್ರಸಾರ ಮಾಡಿತು. ಡಬ್ಬಿಂಗ್ ತಡೆಯುವುದು ಸ್ಪರ್ಧಾ ನಿಯಮಕ್ಕೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲೇ ಹೇಳಿತ್ತು. ನೋಡುಗರ ಆಯ್ಕೆಯನ್ನು ತಡೆಯುವುದು ಸರಿಯಲ್ಲ ಎಂಬುದೇ ನನ್ನ ಅಭಿಪ್ರಾಯ. ಆದರೆ ಡಬ್ ಆದ ಪ್ರತಿ ಅರ್ಧ ಗಂಟೆಗೂ ಇಲ್ಲಿನ ಒಂದು ತಂಡದ ದಿನದ ಕೆಲಸ ಹೋಗುತ್ತದೆ. ಸಕಾಲಕ್ಕೆ ಸಂಭಾವನೆ, ಆರೋಗ್ಯ ವಿಮೆ, ದುಡಿಮೆಯ ಗಂಟೆಗಳಿಗೆ ಮಿತಿ, ಇಷ್ಟನ್ನಾದರೂ ವಾಹಿನಿಗಳು ಮತ್ತು ನಿರ್ಮಾಪಕರು ಒಪ್ಪಂದದಲ್ಲೇ ಬರೆದುಕೊಡಬೇಕು.

ಕಲಾವಿದರನ್ನು ಅವರದೇ ಹೆಸರಿನಲ್ಲಿ ನೋಡಬೇಕೆಂದಿರುವವರಿಗೆ ದಾರಿ ದೂರವಿಲ್ಲ. ಕಿರುತೆರೆಯ ಎಷ್ಟೋ ಪರಿಚಿತ ಮುಖಗಳು ಇಂದಿಗೂ ನಾಟಕ ಆಡುತ್ತವೆ. ಜೆ.ಪಿ. ನಗರ ಎರಡನೇ ಫೇಸಿನ ರಂಗಶಂಕರಕ್ಕೆ ಸೋಮವಾರ ರಜೆ. ಉಳಿದ ದಿನ ಸಂಜೆ 7.30ಕ್ಕೆ ನಾಟಕ ಶುರು, ತಡವಾಗಿ ಬಂದವರಿಗೆ ಪ್ರವೇಶವಿಲ್ಲ.