ಕಾದಂಬರಿಯೊಂದರ ಅಡಿಟಿಪ್ಪಣಿಗಳು

ಅಡಿಟಿಪ್ಪಣಿಗಳುಳ್ಳ ಪುಸ್ತಕವನ್ನು ನಂಬಬಹುದೆಂದು ತರಗತಿಯಲ್ಲಿ ವರ್ಷಾನುಗಟ್ಟಲೆ ಹೇಳಿಕೊಟ್ಟವನು ನಾನು. ಆ ಮಾತಿನ ಬಗ್ಗೆ ನನಗೇ ಸಂಶಯ ಹುಟ್ಟಿಸಿದ್ದು ಒಂದು ರೋಚಕ ಕಾದಂಬರಿ.

ಹಾರ್ವರ್ಡ್‌ನಲ್ಲಿ ವೈದ್ಯಶಾಸ್ತ್ರ ಓದಿ, 1990ರಲ್ಲಿ ‘ಜುರಾಸಿಕ್ ಪಾರ್ಕ್’ ಬರೆದು ಲೋಕಪ್ರಸಿದ್ಧರಾದ ಮೈಕೆಲ್ ಕ್ರೈಟನ್ 2004ರ ಡಿಸೆಂಬರಿನಲ್ಲಿ ‘ಸ್ಟೇಟ್ ಆಫ್ ಫಿಯರ್’ ಪ್ರಕಟಿಸಿದರು. ಹವಾಮಾನ ಬದಲಾವಣೆಯ ಭೀತಿಯನ್ನು ಜನರಲ್ಲಿ ಬಿತ್ತಲು ಪರಿಸರವಾದಿ ಉಗ್ರರು ಸುನಾಮಿ ಮುಂತಾದ ಉತ್ಪಾತಗಳನ್ನು ತಾವೇ ಸೃಷ್ಟಿಸಲು ಹೊರಡುವುದು ಅದರ ಕಥಾವಸ್ತು. ಕಥೆ ಕಥೆಯಾಗಿಯೇ ಉಳಿದಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಆದರೆ ಅದರ ತುಂಬ ಗ್ರಾಫುಗಳು, ಸಂಶೋಧನಾ ಪ್ರಬಂಧಗಳ ಉಲ್ಲೇಖಗಳು, ಕೊನೆಯಲ್ಲಿ ದೀರ್ಘ ಗ್ರಂಥಸೂಚಿ! ಅಡಿಟಿಪ್ಪಣಿಗಳು ನೈಜವೆಂದು ಲೇಖಕರೇ ಆರಂಭದಲ್ಲಿ ಘೋಷಿಸಿದ್ದರು.

ಅವು ನೈಜವೇ ಹೌದು; ತೊಡಕಿರುವುದು ಬಳಕೆಯಲ್ಲಿ. ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ ಅವರ 1988ರ ಮುನ್ನಂದಾಜು ಶೇ. 300ರಷ್ಟು ತಪ್ಪಿತೆಂದು ಕಾದಂಬರಿ ಹೇಳುತ್ತದೆ. ವಾಸ್ತವವಾಗಿ ಆ ವರ್ಷದ ಜೂನ್ 23ರಂದು ಸೆನೆಟ್ ಸಮಿತಿಯೆದುರು ಹ್ಯಾನ್ಸನ್ ಇಟ್ಟದ್ದು ಮೂರು ಸಾಧ್ಯತೆಗಳನ್ನು. ನಡುವಿನದೇ ಹೆಚ್ಚು ಸಂಭವನೀಯವೆಂದು ಅವರ ಅಭಿಪ್ರಾಯವಾಗಿತ್ತು. 1998ರಲ್ಲಿ ಪ್ಯಾಟ್ರಿಕ್ ಮೈಕೆಲ್ಸ್ ಅಮೆರಿಕದ ಸಂಸತ್ತಿನೆದುರು ಉಳಿದೆರಡು ರೇಖೆಗಳನ್ನು ಬಿಟ್ಟು, ಅತ್ಯಂತ ಮೇಲಿನದನ್ನಷ್ಟೇ ತೋರಿಸಿದ್ದರು. ಕಾದಂಬರಿಯ ಆರೋಪ ಆ ಅರೆಚಿತ್ರದ ಪ್ರತಿಧ್ವನಿ. ಹಾಗೆಯೇ ಅಂಟಾರ್ಕ್ಟಿಕದ ಕೆಲಭಾಗ ತಣ್ಣಗಾದುದನ್ನು ದಾಖಲಿಸಿದ್ದ ಪೀಟರ್ ಡೋರನ್, ತಮ್ಮ ಅಧ್ಯಯನ ದುರುಪಯೋಗವಾಗಿದೆಯೆಂದು 2006ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬರೆಯಬೇಕಾಯಿತು.

ಆ ವೇಳೆಗೆ ಕಾದಂಬರಿ ಬಹುದೂರ ಸಾಗಿತ್ತು. 2005ರ ಸೆಪ್ಟೆಂಬರ್ 28ರಂದು ಸೆನೆಟರ್ ಜೇಮ್ಸ್ ಇನ್‌ಹೋಫ್ ಅಧ್ಯಕ್ಷತೆಯ ಪರಿಸರ ಸಮಿತಿ ಕ್ರೈಟನ್‌ರನ್ನು ಸಾಕ್ಷ್ಯಕ್ಕೆ ಕರೆಸಿತು. ಮರುವರ್ಷ ಅಮೆರಿಕದ ಪೆಟ್ರೋಲಿಯಂ ಭೂವಿಜ್ಞಾನಿಗಳ ಸಂಘ ಅವರಿಗೆ ಪತ್ರಿಕೋದ್ಯಮದ ಪ್ರಶಸ್ತಿಯನ್ನಿತ್ತಿತು. ಕಾದಂಬರಿಕಾರರಿಗೆ ಪತ್ರಿಕೋದ್ಯಮದ ಪ್ರಶಸ್ತಿ!

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ರಾಜಕೀಯ ಬೆರೆತ ವಿಜ್ಞಾನ ಅಪಾಯಕರವೆಂದು ಅವರು ಅನುಬಂಧದಲ್ಲಿ ಎಚ್ಚರಿಸಿದ್ದು ಹುಸಿಯಲ್ಲ. ಸುಪ್ರಜನನವಾದದ ಕರಾಳ ಚರಿತ್ರೆಯನ್ನು ಅಲ್ಲಿ ಸಮರ್ಥವಾಗಿಯೇ ನೆನಪಿಸಿದ್ದಾರೆ. ಅದೇ ಪುಸ್ತಕದಲ್ಲಿ, ಮುಂದಿನ ನೂರು ವರ್ಷಗಳಲ್ಲಿ ಉಷ್ಣತೆ 0.812436 ಡಿಗ್ರಿ ಸೆಲ್ಸಿಯಸ್ ಏರಬಹುದೆಂಬ ತಮ್ಮ ಅಂದಾಜನ್ನೂ ಕೊಟ್ಟಿದ್ದಾರೆ. ಆ ಆರು ದಶಮಾಂಶ ಸ್ಥಾನಗಳು ವಿಜ್ಞಾನಿಗಳ ಮೇಲಿನ ಕುಚೋದ್ಯ.

ಕ್ರೈಟನ್ 2008ರ ನವೆಂಬರಿನಲ್ಲಿ ತೀರಿಕೊಂಡರು. ದಶಕಕ್ಕೆ ಸುಮಾರು 0.2 ಡಿಗ್ರಿಯಂತೆ ಏರುತ್ತಿರುವ ಉಷ್ಣತೆ, ಅವರು ನೂರು ವರ್ಷಕ್ಕೆಂದು ಬರೆದಿಟ್ಟ ಲೆಕ್ಕದ ಅರ್ಧದಷ್ಟನ್ನು ಎರಡೇ ದಶಕಗಳಲ್ಲಿ ಮುಗಿಸಿಬಿಟ್ಟಿದೆ.