ಹಾವೇರಿ ಜಿಲ್ಲೆಯಲ್ಲಿ ಕೃಷ್ಣಮೃಗ ಹಾವಳಿ ಮತ್ತು ಬೇಟೆ ನಿಷೇಧ

ಹಾವೇರಿ ಜಿಲ್ಲೆಯ ಬಯಲುಸೀಮೆಯ ಹೊಲಗಳಲ್ಲಿ ಕೃಷ್ಣಮೃಗಗಳ ಹಿಂಡುಗಳಿಂದ ಉಂಟಾಗುವ ಬೆಳೆಹಾನಿಯನ್ನು ಕೃಷ್ಣಮೃಗ ಹಾವಳಿ ಎನ್ನುತ್ತಾರೆ. ಹಿರೇಕೆರೂರು, ಸವಣೂರು ಮತ್ತು ಶಿಗ್ಗಾಂವಿ ತಾಲ್ಲೂಕುಗಳ ರೈತರಿಗೆ ಇದು ಪರಿಚಿತ ಸಮಸ್ಯೆ. ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲಿನ ಕಾಡಂಚಿನ ಹೊಲಗಳಲ್ಲಿ ಕಾಡುಹಂದಿ ಮತ್ತು ಮಂಗಗಳ ಕಾಟವೇ ಹೆಚ್ಚು. ಕಾನೂನಿನ ದೃಷ್ಟಿಯಲ್ಲಿ ಈ ಎರಡು ಬಗೆಯ ಹಾನಿಗಳು ಒಂದೇ ಅಲ್ಲ.

ಪ್ರಾಣಿ ಮತ್ತು ನೆಲೆ

ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಕೃಷ್ಣಮೃಗಕ್ಕೆ ಚಿಗರಿ ಎಂದು ಹೆಸರು. ಹುಬ್ಬಳ್ಳಿ-ಧಾರವಾಡದ ತ್ವರಿತ ಬಸ್ಸಿಗೂ ಇದೇ ಹೆಸರನ್ನು ಇಡಲಾಗಿದೆ. ಜಿಂಕೆ ಎಂದು ಕರೆಯುವುದು ರೂಢಿಯಾದರೂ ಪ್ರಾಣಿಶಾಸ್ತ್ರದ ಪ್ರಕಾರ ಇದು ಜಿಂಕೆಯಲ್ಲ. ಜಿಂಕೆಯ ಕವಲುಗೊಂಬುಗಳು ಉದುರಿ ಮತ್ತೆ ಬೆಳೆಯುತ್ತವೆ, ಕೃಷ್ಣಮೃಗದ ಸುರುಳಿಗೊಂಬುಗಳು ಉದುರುವುದಿಲ್ಲ. ದಟ್ಟ ಕಾಡು ಇದಕ್ಕೆ ಒಗ್ಗದು; ಕುರುಚಲು ಗಿಡಗಳಿರುವ ಹುಲ್ಲುಗಾವಲೇ ಇದರ ಸಹಜ ನೆಲೆ. ಅಂಥ ನೆಲ ಬಹುಪಾಲು ಉಳುಮೆಗೆ ಒಳಪಟ್ಟಿದೆ. 1974ರಲ್ಲಿ ಘೋಷಿತವಾದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದ ವಿಸ್ತೀರ್ಣ 119 ಚದರ ಕಿಲೋಮೀಟರ್. ಅದರಲ್ಲಿಯೂ ನೀಲಗಿರಿ ನೆಡುತೋಪುಗಳು ಹೆಚ್ಚು. ನೀಲಗಿರಿಯ ಕೆಳಗೆ ನೆರಳಿರುತ್ತದೆಯೇ ಹೊರತು ಮೇವು ಸಾಲದು. ಹೀಗಾಗಿ ಹಿಂಡುಗಳು ಹಗಲು ತೋಪಿನಲ್ಲಿ ತಂಗಿ, ಸಂಜೆ ಮತ್ತು ನಸುಕಿನಲ್ಲಿ ಸುತ್ತಲಿನ ಹೊಲಗಳಿಗೆ ಇಳಿಯುತ್ತವೆ. ಅಭಯಾರಣ್ಯಕ್ಕೆ ಸೇರದ ಬೀಳು ಹಾಗೂ ಗೋಮಾಳಗಳಲ್ಲಿಯೂ ಅವು ನೆಲೆಸಿವೆ.

ಹಾನಿಯ ಸ್ವರೂಪ

ಬಿತ್ತನೆಯ ನಂತರದ ಮೊದಲ ಕೆಲವು ವಾರಗಳೇ ಅಪಾಯದ ಕಾಲ. ಗೋವಿನಜೋಳ, ಹತ್ತಿ, ಶೇಂಗಾ, ಹೆಸರು ಮೊದಲಾದವುಗಳ ಎಳೆಯ ಸುಳಿಯನ್ನು ಹಿಂಡು ಕಡಿದುಹಾಕುತ್ತದೆ. ತಿಂದುದಕ್ಕಿಂತ ತುಳಿದು ಕೆಡಿಸಿದ್ದೇ ಕೆಲವೊಮ್ಮೆ ಹೆಚ್ಚು. ಬೀಜ, ಗೊಬ್ಬರ, ಕೂಲಿಗೆ ಮತ್ತೊಮ್ಮೆ ಹಣ ಹೊಂದಿಸಿ ಮರುಬಿತ್ತನೆ ಮಾಡುವಷ್ಟರಲ್ಲಿ ಮುಂಗಾರಿನ ಹದ ತಪ್ಪಿರುತ್ತದೆ. ರಾತ್ರಿ ಕಾವಲು, ಬೆದರುಬೊಂಬೆ, ಪಟಾಕಿ, ಸೀರೆಗಳ ಬೇಲಿ ಮುಂತಾದವು ರೈತರು ಅನುಸರಿಸುವ ಉಪಾಯಗಳು. ಎರಡು ಮೀಟರಿನಷ್ಟು ಎತ್ತರ ಜಿಗಿಯಬಲ್ಲ ಪ್ರಾಣಿಯನ್ನು ಸಾಮಾನ್ಯ ಬೇಲಿ ತಡೆಯಲಾರದು. ಸೌರಬೇಲಿಯ ಮಿಡಿತದ ವಿದ್ಯುತ್ತು ಬೆದರಿಸುತ್ತದೆಯಷ್ಟೇ, ಕೊಲ್ಲುವುದಿಲ್ಲ. ಕಂಬದಿಂದ ತಂತಿಗೆ ನೇರವಾಗಿ ವಿದ್ಯುತ್ ಹರಿಸುವುದು ಅಪರಾಧ; ಅದರಿಂದ ಮನುಷ್ಯರೂ ಸತ್ತಿದ್ದಾರೆ.

ಕಾನೂನು

ಈ ಭಾಗವು 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು (ಸವಣೂರು 1948ರವರೆಗೆ ನವಾಬರ ಸಂಸ್ಥಾನ). ಆಗ ಪರವಾನಗಿ ಪಡೆದು ಬೇಟೆಯಾಡಲು ಅವಕಾಶವಿತ್ತು. 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯು ಕೃಷ್ಣಮೃಗವನ್ನು ಮೊದಲನೆಯ ಅನುಸೂಚಿಗೆ ಸೇರಿಸಿತು. 2022ರ ತಿದ್ದುಪಡಿಯ ಬಳಿಕವೂ ಅದು ಅಲ್ಲಿಯೇ ಇದೆ.

ಭೂಮಾಲೀಕರ ಅಸಮಾಧಾನದ ಮೂಲ ಈ ಕಾಯ್ದೆಯ 11ನೆಯ ಕಲಮಿನಲ್ಲಿದೆ. ಎರಡನೆಯ ಅನುಸೂಚಿಯಲ್ಲಿರುವ ಕಾಡುಹಂದಿಯು ನಿಂತ ಪೈರಿಗೆ ಅಪಾಯಕಾರಿಯಾದರೆ ಅಧಿಕಾರಿಯು ಲಿಖಿತ ಆದೇಶದ ಮೂಲಕ ಅದನ್ನು ಕೊಲ್ಲಲು ಅನುಮತಿ ನೀಡಬಹುದು. ಮೊದಲನೆಯ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ಪೈರು ಗಣನೆಗೇ ಬಾರದು. ಅದು ಮನುಷ್ಯನ ಪ್ರಾಣಕ್ಕೆ ಅಪಾಯಕಾರಿಯಾಗಿರಬೇಕು, ಇಲ್ಲವೆ ಗುಣವಾಗದಷ್ಟು ಗಾಯಗೊಂಡಿರಬೇಕು ಅಥವಾ ರೋಗಪೀಡಿತವಾಗಿರಬೇಕು. ಹುಲ್ಲು ಮೇಯುವ ಸಾಧು ಪ್ರಾಣಿಯಿಂದ ಪ್ರಾಣಾಪಾಯವಾಗುವ ಸಂದರ್ಭ ಇಲ್ಲವೆಂದೇ ಹೇಳಬೇಕು. 2015ರಲ್ಲಿ ಬಿಹಾರದ ಕೆಲವು ಜಿಲ್ಲೆಗಳಲ್ಲಿ ನೀಲಗಾಯಿಯನ್ನು 62ನೆಯ ಕಲಮಿನಡಿ ಪೀಡಕ ಪ್ರಾಣಿಯೆಂದು ಕೇಂದ್ರ ಸರ್ಕಾರ ಘೋಷಿಸಿತ್ತು. ಮೊದಲನೆಯ ಅನುಸೂಚಿಯ ಕೃಷ್ಣಮೃಗಕ್ಕೆ ಆ ಕಲಮೂ ಅನ್ವಯಿಸದು. ಬೆಳೆ ರಕ್ಷಣೆಗೆಂದು ನೀಡುವ ಬಂದೂಕಿನ ಪರವಾನಗಿ ಕೊಲ್ಲುವ ಹಕ್ಕನ್ನು ಕೊಡುವುದಿಲ್ಲ. ಕೃಷ್ಣಮೃಗದ ಬೇಟೆಗೆ 3ರಿಂದ 7 ವರ್ಷಗಳ ಸೆರೆವಾಸ ಹಾಗೂ ಕನಿಷ್ಠ 25,000 ರೂಪಾಯಿ ದಂಡವಿದೆ.

ರೈತರ ವಾದ ಇಷ್ಟೇ: ಕಾಯ್ದೆಯಂತೆ ವನ್ಯಪ್ರಾಣಿ ಸರ್ಕಾರದ ಸ್ವತ್ತು, ಅದು ಮೇಯುವ ಹೊಲ ಮಾತ್ರ ಖಾಸಗಿಯದು. ಈ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಭಾರತದ ಹಲವೆಡೆಗಳಿಂದ ಕಣ್ಮರೆಯಾಗಿದ್ದ ಈ ಪ್ರಾಣಿ ಚೇತರಿಸಿಕೊಂಡದ್ದು ಇದೇ ಕಠಿಣ ನಿಷೇಧದಿಂದ ಎಂಬುದೂ ನಿಜ.

ಪರಿಹಾರ

ಹಾನಿಗೊಳಗಾದವರು ಪಹಣಿ ಮತ್ತು ಛಾಯಾಚಿತ್ರಗಳೊಂದಿಗೆ ಅರಣ್ಯ ಇಲಾಖೆಗೆ ಅರ್ಜಿ ಸಲ್ಲಿಸಬೇಕು. ಸಿಬ್ಬಂದಿ ಸ್ಥಳ ಪರಿಶೀಲಿಸಿ ಮಹಜರು ಮಾಡುತ್ತಾರೆ. ಮೊಳಕೆಯಲ್ಲಿಯೇ ನಾಶವಾದ ಬೆಳೆಯ ಬೆಲೆ ಕಟ್ಟುವುದು ಕಷ್ಟ. ಮರುಬಿತ್ತನೆಗಾಗಿ ಹರಗಿಬಿಟ್ಟರೆ ಹಾನಿಯ ಕುರುಹೂ ಉಳಿಯದು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಪ್ರಮುಖ ಬೆಳೆಗಳ ನಷ್ಟವನ್ನು ಗ್ರಾಮ ಪಂಚಾಯಿತಿ ಮಟ್ಟದ ಸರಾಸರಿ ಇಳುವರಿಯಿಂದ ಅಳೆಯುವುದರಿಂದ ಒಬ್ಬಿಬ್ಬರ ಹೊಲದ ಹಾನಿ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ವನ್ಯಪ್ರಾಣಿ ದಾಳಿಯನ್ನೂ ಸ್ಥಳೀಯ ವಿಪತ್ತಾಗಿ ಪರಿಗಣಿಸುವ ನಿರ್ಧಾರವನ್ನು ಕೇಂದ್ರವು 2025ರ ನವೆಂಬರಿನಲ್ಲಿ ಪ್ರಕಟಿಸಿತು. 2026ರ ಮುಂಗಾರಿನಿಂದ ಅನ್ವಯಿಸುವಂತೆ ರೂಪಿಸಿದ ಈ ವ್ಯವಸ್ಥೆಯಲ್ಲಿ ರೈತರು 72 ಗಂಟೆಗಳೊಳಗೆ ಹಾನಿಯನ್ನು ವರದಿ ಮಾಡಬೇಕು. ಯಾವ ಪ್ರಾಣಿ, ಯಾವ ಪ್ರದೇಶ ಎಂಬುದನ್ನು ರಾಜ್ಯ ಸರ್ಕಾರಗಳು ಅಧಿಸೂಚಿಸಬೇಕು.